ಹಾರ್ಡ್ಲಿ ಎಂಬ ಗೌರವವಾಚಕ

ಬಾರದ ವಿದ್ಯೆಯಿಂದ ಮನುಷ್ಯನಿಗೆ ಅಷ್ಟೇನೂ ಅಪಾಯವಿಲ್ಲ. ಈಜು ಬಾರದವನು ಹೊಳೆಗೆ ಇಳಿಯುವುದಿಲ್ಲ, ದಂಡೆಯ ಮೇಲೆ ಕೂತು ಕಾಲು ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಮುಳುಗುವವನು ಯಾವಾಗಲೂ ಅರ್ಧ ಈಜು ಕಲಿತವನೇ. ಹರಿಹರದ ಹೊಳೆದಂಡೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಾನು ಅದೇ ಹರಿಹರದಲ್ಲಿ ಮುಳುಗಿದೆ. ಆದರೆ ಹೊಳೆಯಲ್ಲಲ್ಲ, ಇಂಗ್ಲಿಷ್ ವ್ಯಾಕರಣದಲ್ಲಿ. ಅದೂ ಮಧ್ಯಾಹ್ನದ ಊಟಕ್ಕೆ ಮೊದಲು, ನಾಲ್ಕು ಜನರ ಮುಂದೆ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ದಾವಣಗೆರೆಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಕಚೇರಿಯ ಹೆಸರು ಹೇಳುವುದಿಲ್ಲ; ನನ್ನ ಮಾನ ಹೋದದ್ದು ಸಾಕು, ಅದರದ್ದೇಕೆ. ಅಲ್ಲಿ ಎಲ್ಲರೂ ನನಗೆ ಇಂಗ್ಲಿಷ್ ಬರುತ್ತದೆ ಎಂದು ನಂಬಿದ್ದರು. ಅವರೆಲ್ಲರಿಗಿಂತ ಮೊದಲು, ಅವರೆಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ನಾನು. ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಏನಾದರೂ ಬಂದರೆ 'ಇದನ್ನ ಚಂದ್ರಣ್ಣಗೆ ಕೊಡ್ರಿ' ಎನ್ನುತ್ತಿದ್ದರು. ನಾನು ಕನ್ನಡಕ ಏರಿಸಿ, ಹಳೆಯ ಫೈಲು ತೆಗೆದು, ಅಲ್ಲಿದ್ದ ವಾಕ್ಯಗಳನ್ನೇ ತಿರುಗಾಮುರುಗಾ ಮಾಡಿ ಉತ್ತರ ತಯಾರಿಸುತ್ತಿದ್ದೆ. ಕೈಂಡ್ಲಿ, ಡ್ಯೂಲಿ, ಇಮ್ಮಿಡಿಯೇಟ್ಲಿ, ಸ್ಟ್ರಿಕ್ಟ್ಲಿ, ಕೊನೆಗೆ ಯುವರ್ಸ್ ಫೇತ್‌ಫುಲಿ. ಕಚೇರಿಯ ಇಂಗ್ಲಿಷ್ ಎಂದರೆ ಇಷ್ಟೇ. ನಡುವೆ ಒಂದೆರಡು ನಾಮಪದ ಸಿಕ್ಕಿಸಿದರೆ ಮುಗಿಯಿತು.

ಈ 'ಲಿ' ಅಕ್ಷರದ ಮೇಲೆ ನನಗೆ ಬಹಳ ಹಿಂದಿನಿಂದ ಭಕ್ತಿ. ಅದಕ್ಕೆ ಕಾರಣವುಂಟು. ನಾನು ಓದಿದ್ದು ಕುಕ್ಕುವಾಡದ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಮೇಷ್ಟ್ರು ವಾಕ್ಯದ ಅಂಗಗಳು ಎಂಟು ಎಂದು ಹೇಳಿ ದಿನಕ್ಕೊಂದರಂತೆ ಕಲಿಸುತ್ತಿದ್ದರು. ನೌನು, ಪ್ರೊನೌನು, ವರ್ಬು, ಅಡ್ಜೆಕ್ಟಿವ್ ಎಲ್ಲಾ ಸುಸೂತ್ರವಾಗಿ ನಡೆದವು. ಆಡ್‌ವರ್ಬಿನ ದಿನ ನಾಲೆಗೆ ನೀರು ಬಂದುಬಿಟ್ಟಿತು. ವರ್ಷದ ಮೊದಲ ನೀರು ನಾಲೆಯಲ್ಲಿ ಕಸಕಡ್ಡಿ ತಳ್ಳಿಕೊಂಡು ಬರುವುದನ್ನು ನೋಡುವುದು ಬಿಟ್ಟು ಯಾರು ವ್ಯಾಕರಣ ಕೇಳುತ್ತಾರೆ? ಅರ್ಧ ಶಾಲೆ ಏರಿಯ ಮೇಲೆ ನಿಂತಿತು. ಮೇಷ್ಟ್ರಿಗೂ ಎರಡೆಕರೆ ಗದ್ದೆಯಿತ್ತು, ಅವರ ಕಣ್ಣೂ ಕಿಟಕಿಯ ಕಡೆಗೇ. ಹೊರಟವರು ಬಾಗಿಲಲ್ಲಿ ನಿಂತು, 'ಲಿ ಹತ್ತಿದ್ರೆ ಆಡ್‌ವರ್ಬು, ಹತ್ತದಿದ್ರೆ ಅಲ್ಲ. ಇಷ್ಟು ನೆನಪಿಟ್ಕಳ್ರಿ ಸಾಕು' ಎಂದು ಹೇಳಿ ಪಂಚೆ ಎತ್ತಿ ಕಟ್ಟಿದರು. ನಾನು ಇಷ್ಟು ನೆನಪಿಟ್ಟುಕೊಂಡೆ. ಮುಂದೆ ಕಚೇರಿ ಸೇರಿದ ಮೇಲೆ ಅದಕ್ಕೆ ನನ್ನದೇ ಒಂದು ಸಂಶೋಧನೆಯನ್ನೂ ಸೇರಿಸಿದೆ. ನಮ್ಮ ಕಡೆ ಮಾತಿಗೆ 'ರಿ' ಹಚ್ಚಿದರೆ ಮರ್ಯಾದೆ. ಬಾ ಎಂದರೆ ಏಕವಚನ, ಬರ್ರಿ ಎಂದರೆ ಗೌರವ. ಇಂಗ್ಲಿಷಿನವರೂ ಮನುಷ್ಯರೇ ತಾನೆ, ಅವರಿಗೂ ಇಂಥದೊಂದು ಬೇಕಾಗಿರಬೇಕು, ಅದೇ ಈ 'ಲಿ' ಎಂದುಕೊಂಡೆ. ಕೈಂಡ್ ಎಂದರೆ ಸಸಾರ, ಕೈಂಡ್ಲಿ ಎಂದರೆ ಕೈಮುಗಿದಂತೆ. ಮೇಲಿನವರಿಗೆ ಬರೆಯುವಾಗ ಒಂದಕ್ಕೆ ಎರಡು ಲಿ ಹಾಕುತ್ತಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ಓದುತ್ತಿದ್ದವರೂ ನನ್ನಂಥ ಶಾಲೆಗಳಿಂದಲೇ ಬಂದವರಿರಬೇಕು.

ನಮ್ಮ ಮ್ಯಾನೇಜರು ಹಾಲೇಶಪ್ಪನವರು ಹರಿಹರದವರು. ದಿನಾ ಅಲ್ಲಿಂದ ಬಂದು ಹೋಗಿ ಮಾಡುತ್ತಿದ್ದರು. ಅವರು ಎಂಥ ಮನುಷ್ಯರೆಂದರೆ, ಕಚೇರಿಯಲ್ಲಿ ಕೊನೆಯ ಅರ್ಜಿದಾರ ಎದ್ದು ಹೋಗುವ ತನಕ ತಾವು ಏಳುತ್ತಿರಲಿಲ್ಲ. ಭಾನುವಳ್ಳಿಯ ಒಬ್ಬ ಮುದುಕಿ ಮಂಚ ಬಿಟ್ಟು ಏಳಲಾರಳು, ಹೆಬ್ಬೆಟ್ಟು ಒತ್ತಲು ಕಚೇರಿಗೆ ಬರಲಾರಳು ಎಂದು ಗೊತ್ತಾದಾಗ, ರಜೆಯ ದಿನ ತಾವೇ ಬಸ್ಸು ಹತ್ತಿ, ಶಾಯಿ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಹೋಗಿಬಂದರು. ಆ ಶಾಯಿ ಸೋರಿ ಹೊಸ ಅಂಗಿ ನೀಲಿಯಾಯಿತು. ಅದಕ್ಕಾಗಿ ಹೆಂಡತಿಯ ಕೈಯಲ್ಲಿ ಬೈಸಿಕೊಂಡದ್ದನ್ನು ಅವರೇ ನಕ್ಕು ಹೇಳಿದ್ದರು. ನಾನು ಆ ದಿನ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಮಲಗಿದ್ದೆ ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ, ಆದರೂ ಹೇಳಿಬಿಟ್ಟೆ.

ಈ ಹಾಲೇಶಪ್ಪನವರು ನಿವೃತ್ತರಾಗುವ ಹೊತ್ತಿಗೆ ಅವರ ಮಗಳು ವಾಣಿಗೆ ಹೈದರಾಬಾದಿನ ಸಂಬಂಧ ಗೊತ್ತಾಗಿತ್ತು. ಬೀಗರು ದೊಡ್ಡ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ತೆಲುಗು, ಇಂಗ್ಲಿಷ್ ಎರಡೇ ಅವರ ಭಾಷೆ, ಕನ್ನಡ ತಿಳಿಯದು. ಬೀಳ್ಕೊಡುಗೆ ಸಮಾರಂಭಕ್ಕೆ ಅವರೂ ಬರುವವರಿದ್ದರು. ಹಾಲೇಶಪ್ಪನವರು ನನ್ನನ್ನು ಕೋಣೆಗೆ ಕರೆದು, ಯಾವತ್ತೂ ಯಾರನ್ನೂ ಏನೂ ಕೇಳದ ಮನುಷ್ಯ, ಮೇಜಿನ ಮೇಲಿನ ಪೆನ್ನು ಸರಿಪಡಿಸುತ್ತಾ, 'ಚಂದ್ರಣ್ಣ, ನೀನು ಎರಡು ಮಾತು ಇಂಗ್ಲಿಷ್‌ನಾಗ ಆಡಿಬಿಡಪ. ಬೀಗರಿಗೆ ತಿಳೀಲಿ. ನಾನು ಇಲ್ಲಿ ಸುಮ್ನೆ ಕುರ್ಚಿ ಬಿಸಿ ಮಾಡ್ಕಂಡು ಕೂತಿರ್ಲಿಲ್ಲ ಅಂತ' ಎಂದರು. ಹೇಳಿ ಅವರೇ ನಾಚಿಕೊಂಡರು. ನಾನು ಎದೆಯ ಮೇಲೆ ಕೈಯಿಟ್ಟು, 'ಬಿಡ್ರಿ ಸಾರ್, ನೀವು ಯೋಚ್ನೆ ಮಾಡಬ್ಯಾಡ್ರಿ' ಎಂದೆ.

ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕಷ್ಟಪಟ್ಟು ದುಡಿದರು ಎನ್ನಬೇಕು. ಹಾರ್ಡ್ ಎಂದರೆ ಕಷ್ಟ. ಅಂಥ ಹಿರಿಯರಿಗೆ ಬರೀ ಹಾರ್ಡ್ ಎಂದರೆ ಏಕವಚನವಾಯಿತು, ಹಾರ್ಡ್ಲಿ ಎನ್ನೋಣ. ತಡವಾಗಿ ಮನೆಗೆ ಹೋಗುತ್ತಿದ್ದರು, ಲೇಟ್ಲಿ. ಬಡವರನ್ನು ಹತ್ತಿರ ಕೂರಿಸಿಕೊಂಡು ಸಹಾಯ ಮಾಡಿದರು, ನಿಯರ್ಲಿ. ಹೆಂಡತಿ ಗಿರಿಜೆ ಅಡುಗೆಮನೆಯಿಂದ ಕೇಳಿಸಿಕೊಂಡು, 'ಎಷ್ಟು ಲಿ ಲಿ ಅಂತೀರಿ, ನಾಲಿಗೆ ಜಾರೀತು' ಎಂದಳು. ನಾನು ಗದರಿದೆ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಹಾಲೇಶಪ್ಪನವರು ಶಾಲು, ಹಾರ ಹೊತ್ತು ವೇದಿಕೆಯ ಮೇಲೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ವಾಣಿ, ಪಕ್ಕದಲ್ಲಿ ಬಿಳಿ ಸಫಾರಿಯ ಬೀಗರು. ನಾನು ಮೈಕು ಹಿಡಿದು ಶುರುಮಾಡಿದೆ. 'ಅವರ್ ಹಾಲೇಶಪ್ಪ ಸರ್ ವರ್ಕ್ಡ್ ಹಾರ್ಡ್ಲಿ. ಇನ್ ಹಿಸ್ ಹೋಲ್ ಸರ್ವೀಸ್, ಹೀ ವರ್ಕ್ಡ್ ವೆರಿ ಹಾರ್ಡ್ಲಿ.' ಬೀಗರು ತಟ್ಟನೆ ತಲೆಯೆತ್ತಿದರು. ಕನ್ನಡದ ಭಾಷಣಗಳಿಗೆ ತೂಕಡಿಸುತ್ತಿದ್ದವರು ಎಚ್ಚರವಾದರಲ್ಲ ಎಂದು ನನಗೆ ಉತ್ಸಾಹ ಬಂತು. 'ಲೇಟ್ಲಿ ಹೀ ವೆಂಟ್ ಹೋಮ್ ಎವ್ರಿ ಡೇ. ಹೀ ನಿಯರ್ಲಿ ಹೆಲ್ಪ್ಡ್ ಮೆನಿ ಪೂರ್ ಪೀಪಲ್.' ಬೀಗರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಪಾಪ, ಕಣ್ಣೀರು ಬಂತು, ಮೃದು ಮನಸ್ಸಿನವರು ಎಂದುಕೊಂಡೆ. ಆ ಭಾವಾವೇಶದಲ್ಲಿ ಹಾರ್ಡ್ಲಿ ಎಂಬುದನ್ನು ಇನ್ನೆರಡು ಸಲ, ಮುಷ್ಟಿ ಬಿಗಿಹಿಡಿದು ಹೇಳಿದೆ. ಸಭೆಯಲ್ಲಿ ಜೋರು ಚಪ್ಪಾಳೆ. ಹಾಲೇಶಪ್ಪನವರು ಎದ್ದುಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

ಮರುದಿನ ಟೀ ಹೊತ್ತಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಶ್ರುತಿ ಎಂಬ ಹೆಣ್ಣುಮಗಳು ನನ್ನ ಮೇಜಿನ ಬಳಿ ಬಂದು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು: 'ಸಾರ್, ನಿನ್ನೆ ಅದು ಬೇಕಂತ್ಲೇ ಹೇಳಿದ್ರಾ?'

'ಯಾವುದಮ್ಮ?'

'ಸಾಹೇಬ್ರು ಕೆಲ್ಸಾನೇ ಮಾಡ್ಲಿಲ್ಲ ಅಂತ.'

ನಾನು ನಕ್ಕೆ. ಅವಳು ನಗಲಿಲ್ಲ. ಕುರ್ಚಿ ಎಳೆದು ಕೂತು, ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುವವರಂತೆ ನಿಧಾನವಾಗಿ ಬಿಡಿಸಿ ಹೇಳಿದಳು. ಹಾರ್ಡ್ ಎಂಬುದು ಲಿ ಇಲ್ಲದೆಯೇ ಆಡ್‌ವರ್ಬಂತೆ. ಲಿ ಹಚ್ಚಿದ ಕೂಡಲೇ ಅದು ಪಕ್ಷ ಬದಲಿಸಿ, ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದಾಗುತ್ತದಂತೆ. ನಿಯರ್ಲಿ ಎಂದರೆ ಹತ್ತಿರ ಕೂರಿಸಿಕೊಂಡು ಎಂದಲ್ಲ. ಇನ್ನೇನು ಬಡವರಿಗೆ ಸಹಾಯ ಮಾಡಿಯೇ ಬಿಡಬೇಕು, ಅಷ್ಟರಲ್ಲಿ ಬಿಟ್ಟರು ಎಂದು. 'ಮತ್ತೆ ಲೇಟ್ಲಿ?' ಎಂದೆ, ಅದಾದರೂ ಉಳಿಯಲಿ ಎಂಬ ಆಸೆಯಿಂದ. ಅವಳು ತಲೆ ತಗ್ಗಿಸಿದಳು. 'ಲೇಟ್ಲಿ ಅಂದ್ರೆ ಇತ್ತೀಚೆಗೆ ಸಾರ್.' ಅಂದರೆ ಹಾಲೇಶಪ್ಪನವರು ಇತ್ತೀಚೆಗೆ ದಿನಾ ಮನೆಗೆ ಹೋಗುತ್ತಿದ್ದರು. ಅದಕ್ಕೆ ಮೊದಲು ಎಲ್ಲಿಗೆ ಹೋಗುತ್ತಿದ್ದರು ಎಂದು ಹೊಸ ಬೀಗರು ಯೋಚಿಸಿಕೊಳ್ಳಬೇಕು! ನನ್ನ ಟೀ ಆರಿ ಕೆನೆಗಟ್ಟಿತು. ಬೀಗರ ಭುಜ ಕುಲುಕಿದ್ದು ನೆನಪಾಯಿತು. ನನ್ನ ಬಿಗಿದ ಮುಷ್ಟಿ ನೆನಪಾಯಿತು. ನೆಲ ಬಾಯಿಬಿಡಬಾರದೇ ಎಂದು ಕೆಳಗೆ ನೋಡಿದರೆ ಅಲ್ಲಿ ಹೊಸ ಟೈಲ್ಸ್ ಹಾಕಿದ್ದರು.

ಆಮೇಲೆ ನಾನು ಆಡ್‌ವರ್ಬನ್ನು ಓದಿದ ಹಾಗೆ ಪರೀಕ್ಷೆಗೂ ಓದಿರಲಿಲ್ಲ. ಓದಿದಷ್ಟೂ ಹೊಟ್ಟೆ ಉರಿಯಿತು. ಫಾಸ್ಟ್ ಎಂಬುದಕ್ಕೆ ಲಿ ಹತ್ತುವುದೇ ಇಲ್ಲ, ಆದರೂ ಅದು ಆಡ್‌ವರ್ಬು. ಫ್ರೆಂಡ್ಲಿ ಎಂಬುದಕ್ಕೆ ಲಿ ಹತ್ತಿದೆ, ಆದರೂ ಅಲ್ಲ. ನಮ್ಮಲ್ಲಿ 'ಆಗಿ' ಎಂಬುದೊಂದಿದೆ, ಎಷ್ಟು ನಂಬಿಕಸ್ಥ! ಚೆನ್ನಾಗಿ, ಜೋರಾಗಿ, ಮೃದುವಾಗಿ. ಯಾವುದಕ್ಕೆ ಹಚ್ಚಿದರೂ ಹಿಂದಿನಿಂದ ಚೂರಿ ಹಾಕುವುದಿಲ್ಲ. ಅದೂ ಬೇಡವೆಂದರೆ ಸರಸರ ಬಾ, ಗಬಗಬ ತಿನ್ನು, ಧಡಧಡ ಇಳಿ. ಕ್ರಿಯೆ ಹೇಗೆ ನಡೆಯಿತೆಂದು ಕ್ರಿಯೆಯೇ ಸದ್ದು ಮಾಡಿ ಹೇಳುತ್ತದೆ. ಹೀಗೆಲ್ಲ ಕನ್ನಡವನ್ನು ಹೊಗಳಿಕೊಂಡು ಸಮಾಧಾನ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ತಪ್ಪು ಇಂಗ್ಲಿಷ್ ಭಾಷೆಯದಲ್ಲ, ಅದು ಯಾವತ್ತೂ ನಮ್ಮ ಕಚೇರಿಗೆ ಬಂದು ತನ್ನನ್ನು ಮಾತಾಡು ಎಂದು ಕೇಳಿರಲಿಲ್ಲ.

ಹೀಗಿರುವಾಗ ಹಾಲೇಶಪ್ಪನವರ ಫೋನು ಬಂತು. 'ಚಂದ್ರಣ್ಣ, ಬೀಗರು ಮದುವೆ ಮಾತಿಗೆ ಅಂತ ಮತ್ತೆ ಬಂದಾರೆ. ನಿನ್ನ ಭಾಷಣ ನೆನೆಸ್ಕಂಡು ನೆನೆಸ್ಕಂಡು ನಗ್ತಾರಪ. ಅಂಥ ಖುಷಿ ಮಾತು ಏನು ಹೇಳಿದ್ದಿ? ಭಾನುವಾರ ಊಟಕ್ಕೆ ಬಂದ್ಬಿಡು, ಅವ್ರು ನಿನ್ನ ನೋಡ್ಬೇಕಂತೆ.' ಅವರಿಗೆ ಇನ್ನೂ ಏನೂ ತಿಳಿದಿಲ್ಲ! ನಾನು ಜ್ವರ ಬಂದಂತಿದೆ ಎಂದೆ. 'ಭಾನುವಾರದೊಳಗೆ ಇಳೀತೈತೆ ಬಾ' ಎಂದರು. ಗಿರಿಜೆಗೆ ಎಲ್ಲಾ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. 'ಹೋಗ್ರಿ. ಬಾಯಿ ಕೆಡಿಸಿದ್ದನ್ನ ಬಾಯಿನೇ ಸರಿ ಮಾಡ್ಬೇಕು. ಜ್ವರ ಏನು ಮಾಡತೈತೆ' ಎಂದಳು.

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎರಡು ಯೋಜನೆ ಹಾಕಿದೆ. ಒಂದು, ಹಾಲೇಶಪ್ಪನವರನ್ನು ಪಕ್ಕಕ್ಕೆ ಕರೆದು ತಪ್ಪೊಪ್ಪಿಕೊಳ್ಳುವುದು. ಇನ್ನೊಂದು, ಏನೂ ಹೇಳದೆ ಉಂಡು ಬರುವುದು. ಎರಡನೆಯದೇ ಮನಸ್ಸಿಗೆ ಹೆಚ್ಚು ಹಿಡಿಸಿತು.

ಬಾಗಿಲಲ್ಲೇ ಬೀಗರು ನನ್ನನ್ನು ಅಪ್ಪಿಕೊಂಡರು. ಇಂಗ್ಲಿಷಿನಲ್ಲಿ ಏನೇನೋ ಹೊಗಳಿದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ: ಎಂಥ ಹಾಸ್ಯಪ್ರಜ್ಞೆ, ವೇದಿಕೆಯ ಮೇಲೇ ಹೀಗೆ ಸಾಹೇಬರ ಕಾಲೆಳೆಯಬೇಕಾದರೆ ಎಂಥ ಸಲುಗೆ, ಅದೂ ಮುಖ ಒಂದಿಷ್ಟೂ ಸಡಿಲಿಸದೆ! ನನಗೆ, ನಾಚಿಕೆಯಿಂದಲೇ ಹೇಳುತ್ತೇನೆ, ಒಂದು ಗಳಿಗೆ ಹಿತವಾಯಿತು. ದಡ್ಡನಾಗುವ ಬದಲು ಹಾಸ್ಯಗಾರನಾಗುವ ಅವಕಾಶ ತಾನಾಗಿ ಮನೆಬಾಗಿಲಿಗೆ ಬಂದಿದೆ. ಸುಮ್ಮನೆ ಮುಗುಳ್ನಕ್ಕರೆ ಸಾಕು. ನಾನು ಮುಗುಳ್ನಕ್ಕೆ.

ಬೀಗರು ಅಲ್ಲಿಗೇ ನಿಲ್ಲಿಸಲಿಲ್ಲ. ಸೋಫಾದ ಮೇಲೆ ಕೂತು ಹಾಲೇಶಪ್ಪನವರ ತೊಡೆ ತಟ್ಟಿ, ನೀವು ಪುಣ್ಯವಂತರು, ಸರ್ಕಾರಿ ನೌಕರಿ ಅಂದರೆ ಹೀಗಿರಬೇಕು, ಪೂರ್ತಿ ಸಂಬಳ, ಕೆಲಸವೇ ಇಲ್ಲ, ನಮ್ಮ ಬ್ಯಾಂಕಿನಲ್ಲಿ ನಾವು ಬೆವರು ಸುರಿಸಿದೆವು ಎಂದು ಇಂಗ್ಲಿಷಿನಲ್ಲಿ ಹೇಳಿ ಗಹಗಹಿಸಿದರು. ಅದರಲ್ಲಿ ಕೆಡುಕೇನೂ ಇರಲಿಲ್ಲ, ನಂಬಿ ಆಡಿದ ಮಾತು. ಹಾಲೇಶಪ್ಪನವರು ಅರ್ಥವಾಗದೆ 'ಎಸ್ ಎಸ್' ಎಂದು ತಲೆಯಾಡಿಸಿದರು. ನೀರಿನ ತಂಬಿಗೆ ಹಿಡಿದು ಬಂದ ವಾಣಿ ಬಾಗಿಲಲ್ಲೇ ನಿಂತಳು. ಅವಳಿಗೆ ಎಲ್ಲಾ ಅರ್ಥವಾಗುತ್ತದೆ; ಅವತ್ತಿನ ನನ್ನ ಭಾಷಣವೂ ಅರ್ಥವಾಗಿತ್ತು, ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಅವಳು ಬೀಗರ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ಕಚೇರಿಗೆ ಬಂದಾಗ 'ಅಂಕಲ್' ಎಂದು ನನ್ನ ಮೇಜಿನ ರಬ್ಬರ್ ಸ್ಟ್ಯಾಂಪು ಕೇಳಿ ಅಂಗೈ ತುಂಬ ಒತ್ತಿಕೊಳ್ಳುತ್ತಿದ್ದ ಹುಡುಗಿ. ಅವಳ ಕಣ್ಣು ತುಂಬಿತ್ತು.

ನನ್ನ ಮುಗುಳ್ನಗೆ ಮುಖದ ಮೇಲೆ ಒಣಗಿಹೋಯಿತು. ಎದ್ದು ನಿಂತೆ. 'ಸರ್, ನೋ ಹ್ಯೂಮರ್' ಎಂದೆ ಬೀಗರಿಗೆ. 'ಐ ಡೋಂಟ್ ನೋ ಹ್ಯೂಮರ್. ಐ ಡೋಂಟ್ ನೋ ಇಂಗ್ಲಿಷ್.' ನನ್ನ ಇಡೀ ನೌಕರಿಯಲ್ಲಿ ಒಂದೂ ತಪ್ಪಿಲ್ಲದೆ ಆಡಿದ ಇಂಗ್ಲಿಷ್ ಅದೇ ಇರಬೇಕು. ಬೀಗರು ಇದೂ ಒಂದು ತಮಾಷೆಯೆಂದು ಮತ್ತೆ ನಕ್ಕರು. ನಾನು ವಾಣಿಗೆ, 'ಅವ್ವಾ, ನಾನು ಕನ್ನಡದಾಗ ಹೇಳ್ತೀನಿ, ನೀನು ಅವ್ರಿಗೆ ತಿಳಿಸಿ ಹೇಳು' ಎಂದೆ. ಅವಳು ತಂಬಿಗೆ ಕೆಳಗಿಟ್ಟಳು.

ಹೇಳಿದೆ. ಲಿ ಎಂಬುದನ್ನು ನಾನು ಮರ್ಯಾದೆಯ ಅಕ್ಷರ ಎಂದು ತಿಳಿದಿದ್ದೆ, ಅದಕ್ಕೇ ಇವರಿಗೆ ಎಲ್ಲಾ ಕಡೆ ಹಚ್ಚಿದೆ ಎಂದೆ. ಇವರು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಾದರೂ ಬಂದರೆ ಮುಚ್ಚಿಡುತ್ತಿದ್ದರು, ಎಷ್ಟೋ ಸಲ ಅದು ಹಾಗೇ ಹರಿಹರಕ್ಕೆ ವಾಪಸ್ಸು ಬಂದಿದೆ, ಬೇಕಾದರೆ ಅಮ್ಮನವರನ್ನು ಕೇಳಿ ಎಂದೆ. ಭಾನುವಳ್ಳಿಯ ಮುದುಕಿಯ ಕಥೆ ಹೇಳಿದೆ. ಶಾಯಿಯಾದ ಅಂಗಿಯ ಮಾತು ಬಂದಾಗ ಅಡುಗೆಮನೆಯಿಂದ ಅಮ್ಮನವರು, 'ಇನ್ನೂ ಐತೆ ಅದು, ಕಲೆ ಹೋಗೇ ಇಲ್ಲ' ಎಂದರು. ವಾಣಿ ಒಂದೊಂದನ್ನೇ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅವಳ ಬಾಯಲ್ಲಿ ಹಾರ್ಡ್ ಎಂಬ ಮಾತು ಲಿ ಇಲ್ಲದೆ, ಬರಿಮೈಯಲ್ಲಿ ಬಂತು. ಅದಕ್ಕೆ ಯಾವ ಮರ್ಯಾದೆಯೂ ಕಡಿಮೆಯಾಗಿರಲಿಲ್ಲ. ಅಷ್ಟು ವರ್ಷ ಒಂದೇ ಕಚೇರಿಯಲ್ಲಿದ್ದೂ ನಾನು ಈ ಮಾತುಗಳನ್ನು ಆ ಮನುಷ್ಯನ ಎದುರಿಗೆ ಕನ್ನಡದಲ್ಲಿ ಒಮ್ಮೆಯೂ ಆಡಿರಲಿಲ್ಲ. ನಮ್ಮಲ್ಲಿ ಎದುರಿಗೆ ಹೊಗಳುವುದು ಸಂಕೋಚ. ಇಂಗ್ಲಿಷಾದರೆ ಪರರ ಅಂಗಿ ತೊಟ್ಟಂತೆ, ಅಷ್ಟು ನಾಚಿಕೆಯಿಲ್ಲ. ಈಗ ಮಾತ್ರ ಹೇಳುತ್ತಾ ಹೇಳುತ್ತಾ ನನಗೆ ತಲೆ ಎತ್ತಲಾಗಲಿಲ್ಲ.

ಬೀಗರ ನಗು ಯಾವಾಗಲೋ ನಿಂತಿತ್ತು. ಅವರು ಎದ್ದು ಹಾಲೇಶಪ್ಪನವರ ಎರಡೂ ಕೈ ಹಿಡಿದುಕೊಂಡು, 'ಕ್ಷಮಿಂಚಂಡಿ' ಎಂದರು. ಅವರಿಗೂ ಆ ಹೊತ್ತಿಗೆ ಇಂಗ್ಲಿಷ್ ಒದಗಲಿಲ್ಲ.

ಹಾಲೇಶಪ್ಪನವರು ಎಲ್ಲರನ್ನೂ ನೋಡಿದರು. ಅವರಿಗೆ ಈಗಷ್ಟೇ ಎಲ್ಲಾ ತಿಳಿಯುತ್ತಿತ್ತು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, 'ಅಲ್ಲಪ, ಅವತ್ತು ನೀನು ಹಾರ್ಡ್ಲಿ ಅಂದಾಗ ನಾನು ಕಷ್ಟಪಟ್ಟು ದುಡಿದ್ರು ಅಂತ್ಲೇ ತಿಳ್ಕಂಡೆ. ನೀನೂ ಅದನ್ನೇ ಹೇಳಿದ್ದಿ. ನಂಗೂ ಅದೇ ಕೇಳಿಸ್ತು. ನಿಂಗೂ ನಂಗೂ ನಡುವೆ ಏನೂ ತಪ್ಪಾಗಿಲ್ಲ. ಇಂಗ್ಲಿಷ್ ಬರೋರಿಗೆ ಮಾತ್ರ ತಿಳೀಲಿಲ್ಲ ಅದು' ಎಂದರು. ಹೇಳಿ, 'ಏಳ್ರಿ, ಊಟ ಆರ್ತೈತೆ' ಎಂದು ಒಳಗೆ ನಡೆದರು. ವಾಣಿ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದಳು. ಬೈದಿದ್ದರೆ ಉಣ್ಣುವುದು ಸುಲಭವಿತ್ತು.

ಇಲ್ಲಿಗೆ ನನ್ನ ನಾಚಿಕೆ ಮುಗಿಯಬೇಕಿತ್ತು. ಆದರೆ ಈ ತಿಂಗಳ ಕೊನೆಗೆ ನಿವೃತ್ತನಾಗುವ ಸರದಿ ನನ್ನದೇ. ಹೋದ ವಾರ ಪಕ್ಕದ ಮೇಜಿನ ನಾಗರಾಜ ಬಂದು ಬೀಳ್ಕೊಡುಗೆಯ ಭಾಷಣದ ಹೊಣೆ ತನ್ನದೆಂದ. ಪದ್ಧತಿ ಬಿಡಬಾರದು, ಇಂಗ್ಲಿಷಿನಲ್ಲೇ ಆಡುತ್ತೇನೆ, ಶ್ರುತಿಯ ಹತ್ತಿರ ಎಲ್ಲಾ ತಿದ್ದಿಸಿಕೊಂಡಿದ್ದೇನೆ ಎಂದ. ನಾನು ಒಳ್ಳೆಯದಾಯಿತು ಎಂದೆ. ಅವನು ಹೋಗಲಿಲ್ಲ. ತಲೆ ಕೆರೆದುಕೊಂಡು ನಿಂತ.

'ಒಂದು ಡೌಟ್ ಉಳಿದೈತೆ ಚಂದ್ರಣ್ಣ. ಶ್ರುತೀನ ಕೇಳಿದ್ರೆ, ಅದು ವ್ಯಾಕರಣದ ಪ್ರಶ್ನೆ ಅಲ್ಲ, ಅವ್ರನ್ನೇ ಕೇಳ್ರಿ ಅಂದ್ಲು. ನಿಮಗೆ ಹಾರ್ಡ್ ಅನ್ಲೋ, ಹಾರ್ಡ್ಲಿ ಅನ್ಲೋ?'

ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದ. ನನಗೆ ಎರಡರ ವ್ಯತ್ಯಾಸವೂ ಈಗ ಚೆನ್ನಾಗಿ ಗೊತ್ತು. ನಾಳೆ ಹೇಳ್ತೀನಿ ಎಂದು ಕಳಿಸಿದ್ದೇನೆ. ಈಗ ಒಂದು ವಾರದಿಂದ ಅವನು ಎದುರು ಬಂದರೆ ಫೈಲಿನೊಳಗೆ ಮುಖ ಹುದುಗಿಸಿಕೊಂಡು, ಬಹಳ ಕೆಲಸವಿರುವವನ ಹಾಗೆ ಕೂರುತ್ತಿದ್ದೇನೆ.